ಬಿಯರ್ ಜೊತೆ ವಿಸ್ಕಿ: ಒಂದು ಮದರಾಸು ನಂಟು

ಮೊಳಕೆ ಬಾರ್ಲಿಯ ರಸಕ್ಕೆ ಹಾಪ್ ಹಾಕಿ ಕುದಿಸಿ ಹುಳಿಯಿಸಿದರೆ ಬಿಯರ್. ಹಾಪ್ ಬಿಟ್ಟು ಹುಳಿಯಿಸಿ, ಭಟ್ಟಿಯಿಳಿಸಿ, ಪೀಪಾಯಿಯಲ್ಲಿ ಮಾಗಿಸಿದರೆ ಮಾಲ್ಟ್ ವಿಸ್ಕಿ. ಎರಡೂ ಒಡಹುಟ್ಟಿದವು.

ದಕ್ಷಿಣದಲ್ಲಿ ಇವೆರಡನ್ನೂ ಒಂದೇ ಸೂರಿನಡಿ ತಂದವರು ಬಂಟ್ವಾಳ ಮೂಲದ ಮನೆತನದ ವಿಠಲ ಮಲ್ಯ. ಥಾಮಸ್ ಲೀಶ್‌ಮನ್ 1915ರಲ್ಲಿ ಕಟ್ಟಿದ್ದ ಯುನೈಟೆಡ್ ಬ್ರೂವರೀಸ್‌ಗೆ 1947ರಲ್ಲಿ ಅವರು ಮೊದಲ ಭಾರತೀಯ ನಿರ್ದೇಶಕರಾದರು. 1951ರಲ್ಲಿ ಮ್ಯಾಕ್‌ಡವೆಲ್ ಕೊಂಡರು. ಅದು 1826ರಲ್ಲಿ ಮದರಾಸಿನಲ್ಲೇ ಶುರುವಾದ ವ್ಯಾಪಾರ. ವಿಚಿತ್ರವೆಂದರೆ ಆಗ ಮದರಾಸಿನಲ್ಲಿ ಪಾನನಿಷೇಧ! ಮುಂದೆ ಮ್ಯಾಕ್‌ಡವೆಲ್ ಭಟ್ಟಿಯಿಟ್ಟದ್ದು ಕೇರಳದ ಚೇರ್ತಲದಲ್ಲಿ.

ಈಗ ಆ ಮನೆ ಪಾಲಾಗಿದೆ: 2014ರಲ್ಲಿ ವಿಸ್ಕಿ ಡಿಯಾಜಿಯೊಗೆ, 2021ರಲ್ಲಿ ಬಿಯರ್ ಹೈನೆಕೆನ್‌ಗೆ. ತಮಿಳುನಾಡಿನಲ್ಲಿ 2003ರಿಂದ ಚಿಲ್ಲರೆ ಮಾರಾಟವೆಲ್ಲ ಸರ್ಕಾರದ ಟಾಸ್ಮಾಕ್‌ನದು. ಹೀಗಾಗಿ ಮಾಲೀಕರು ಬೇರೆ ಮಾಡಿದ್ದನ್ನು ಕ್ರೋಂಪೇಟೆಯ ಗಿರಾಕಿ ಸರ್ಕಾರಿ ಅಂಗಡಿಯಲ್ಲಿ ಒಂದೇ ಚೀಲಕ್ಕೆ ಸೇರಿಸುತ್ತಾನೆ.