ಮಂಗಳೂರಿನ ಬಚ್ಚಲ ಒಲೆ: ಮನೆಯ ಬಿಸಿನೀರಿನ ಚರಿತ್ರೆ

ದೇಶಚರಿತ್ರೆಯನ್ನು ಬರೆಯುವವರು ಅರಸರ ವಂಶಾವಳಿಯನ್ನೂ ದೇವಾಲಯಗಳ ಕಾಲವನ್ನೂ ಶಾಸನಗಳ ಪಾಠವನ್ನೂ ನಿರ್ಣಯಿಸುವುದರಲ್ಲಿ ತೊಡಗಿದಷ್ಟು ಮನೆಯೊಳಗಿನ ಸಾಮಗ್ರಿಗಳ ವಿಚಾರದಲ್ಲಿ ತೊಡಗಿದವರಲ್ಲ. ಒಂದು ಊರಿನ ಜನರು ತಾವು ನಿತ್ಯವೂ ಮೀಯುವ ನೀರನ್ನು ಯಾವುದರಿಂದ ಕಾಯಿಸಿದರು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆಂದೇ ತೋರುವುದು. ಆದರೆ ಮಂಗಳೂರಿನ ಮಟ್ಟಿಗೆ ಈ ಪ್ರಶ್ನೆಯ ಬೆನ್ನು ಹಿಡಿದು ಹೋದರೆ ಹಿತ್ತಿಲಿನ ತೆಂಗು, ಘಟ್ಟದ ತಪ್ಪಲಿನ ಕಾಡು, ಹೆಂಚಿನ ಕಾರ್ಖಾನೆ, ಬಂದರು, ವಿದ್ಯುದಾಗಾರ ಇವೆಲ್ಲವೂ ಒಂದೇ ಎಳೆಯಲ್ಲಿ ಪೋಣಿಸಿಕೊಂಡು ಬರುತ್ತವೆ. ಬಿಸಿನೀರಿನ ಸಾಧನವನ್ನು ಬದಲಾಯಿಸಿ ಇಂಧನವನ್ನು ಮಿಗಿಸಬೇಕೆಂಬ ಮಾತು ಈಗ ಎಲ್ಲೆಡೆಯೂ ಕೇಳಬರುತ್ತಿರುವುದರಿಂದ, ಹಿಂದಿನ ಸಾಧನವು ಎಂತಹುದು, ಅದು ಏಕೆ ಅಳಿಯಿತು ಎಂಬುದನ್ನು ವಿಚಾರಿಸುವುದು ನಿಷ್ಪ್ರಯೋಜಕವಲ್ಲ.

ಮೊದಲು ಮಾತುಗಳನ್ನೇ ನೋಡಬಹುದು. ಕನ್ನಡದಲ್ಲಿ ‘ಕಾಯಿಸು’ ಎಂಬುದೂ ‘ಕುದಿಸು’ ಎಂಬುದೂ ಬೇರೆ ಬೇರೆ ಕ್ರಿಯೆಗಳು. ಅನ್ನಕ್ಕೆ ಎಸರನ್ನು ಕುದಿಸುತ್ತಾರೆ; ಸ್ನಾನಕ್ಕೆ ನೀರನ್ನು ಕಾಯಿಸುತ್ತಾರೆ. ‘ಬಿಸಿ’, ‘ಬೆಚ್ಚನೆ’, ‘ಉಗುರುಬೆಚ್ಚಗೆ’ ಎಂಬ ತರತಮಗಳೂ ನಮ್ಮ ನುಡಿಯಲ್ಲಿ ಸಿದ್ಧವಾಗಿವೆ. ‘ಮೀ’ ಎಂಬ ಧಾತುವು ಹಳಗನ್ನಡದಲ್ಲಿಯೂ ತುಳುವಿನಲ್ಲಿಯೂ ಸ್ನಾನಕ್ಕೆ ಸಲ್ಲುವುದು. ೧೮೮೬ರಲ್ಲಿ ಮೆನ್ನರನ ತುಳು ನಿಘಂಟೂ ೧೮೯೪ರಲ್ಲಿ ಕಿಟ್ಟೆಲರ ಕನ್ನಡ ನಿಘಂಟೂ ಬೆಳಕು ಕಂಡದ್ದು ಈ ಮಂಗಳೂರಿನಲ್ಲಿಯೇ ಎಂಬುದನ್ನು ಇಲ್ಲಿ ನೆನೆಯತಕ್ಕುದು. ಇದೇ ಊರಿನ ಕೊಂಕಣಿಗರು ನೀರು ಕಾಯಿಸುವ ತಾಮ್ರದ ಪಾತ್ರೆಯನ್ನು ‘ಭಾಣ’ವೆಂದೂ ಕನ್ನಡಿಗರು ‘ಹಂಡೆ’ಯೆಂದೂ ಕರೆದರು. ಹೆಸರು ಯಾವುದಾದರೂ ಕೆಲಸ ಒಂದೇ: ನೀರನ್ನು ಕಾಯಿಸುವುದೇ ಹೊರತು ಕುದಿಸುವುದಲ್ಲ.

ಶಾಸ್ತ್ರಕಾರರ ಅಭಿಪ್ರಾಯವೂ ಇದಕ್ಕೆ ಹೊಂದುತ್ತದೆ. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ, ಬಿಸಿನೀರು ಕತ್ತಿನಿಂದ ಕೆಳಗಣ ಮೈಗೆ ಬಲಕರವೆಂದೂ ತಲೆಗೆರೆದರೆ ಕೂದಲಿಗೂ ಕಣ್ಣಿಗೂ ಕೇಡೆಂದೂ ವಿಧಿಸಿದ್ದಾನೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನಭೋಗವೆಂಬುದೇ ಒಂದು ಪ್ರಕರಣ. ಅರಸನ ಮಜ್ಜನಕ್ಕಾಗಲಿ ಒಕ್ಕಲಿನ ಸ್ನಾನಕ್ಕಾಗಲಿ ಮೈಗೆ ಬೇಕಾದ ಬಿಸಿಯು ನಲವತ್ತು ಡಿಗ್ರಿಯನ್ನು ಹೆಚ್ಚಾಗಿ ಮೀರುವುದಿಲ್ಲ. ಕರಾವಳಿಯ ಬಾವಿಯ ನೀರು ಸಹಜವಾಗಿಯೇ ಇಪ್ಪತ್ತೇಳು ಡಿಗ್ರಿಯ ಆಸುಪಾಸಿನಲ್ಲಿರುವುದು. ಆದಕಾರಣ ಮಂಗಳೂರಿನಲ್ಲಿ ನೀರಿಗೆ ಏರಿಸಬೇಕಾದ ಶಾಖವು ಹದಿನೈದು ಡಿಗ್ರಿಯಷ್ಟೇ. ಇಷ್ಟು ಅಲ್ಪವಾದ ಕೆಲಸಕ್ಕೆ ಎಂತಹ ಇಂಧನವು ಯುಕ್ತವೆಂಬುದೇ ಈ ಚರಿತ್ರೆಯ ಮುಖ್ಯಪ್ರಶ್ನೆ.

ಹಳೆಯ ಮನೆಗಳಲ್ಲಿ ಬಚ್ಚಲು ಮನೆಯು ವಾಸದ ಮನೆಯಿಂದ ಸ್ವಲ್ಪ ದೂರದಲ್ಲಿ, ಬಾವಿಗೆ ಸಮೀಪವಾಗಿ ಇರುತ್ತಿತ್ತು. ಹುಲ್ಲಿನ ಮಾಡಿನ ಕಾಲದಲ್ಲಿ ಬೆಂಕಿಯ ಭಯವೂ ಈ ದೂರಕ್ಕೆ ಒಂದು ಕಾರಣವಾಗಿದ್ದೀತು. ಬಾಸೆಲ್ ಮಿಶನ್ ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ತರುವಾಯ ಮಾಡುಗಳು ಬದಲಾದುವು. ಬಚ್ಚಲಿನ ಒಲೆ ಮಾತ್ರ ಬದಲಾಗಲಿಲ್ಲ. ಮಣ್ಣಿನ ಒಲೆಯ ಮೇಲೆ ತಾಮ್ರದ ಹಂಡೆಯನ್ನು ಅಲುಗದಂತೆ ಹುಗಿದು ಕಟ್ಟುತ್ತಿದ್ದರು. ಹಿಂದಿನ ರಾತ್ರಿ ತುಂಬಿದ ನೀರು ಬೆಳಗಿನ ಉರಿಗೆ ಕಾದು, ಮನೆಯವರೆಲ್ಲರೂ ಮಿಂದ ಮೇಲೆಯೂ ಕೆಂಡದ ಬಿಸಿಗೆ ಬೆಚ್ಚಗೇ ಇರುತ್ತಿತ್ತು. ಒಲೆಯ ಬೂದಿಯು ಪಾತ್ರೆ ಬೆಳಗುವುದಕ್ಕೂ ತೆಂಗಿನ ಬುಡಕ್ಕೂ ಸಲ್ಲುತ್ತಿತ್ತು. ಮಿಂದ ನೀರು ಬಾಳೆಯ ಬುಡಕ್ಕೆ ಹರಿಯುತ್ತಿತ್ತು.

ಹಂಡೆಗೆ ಸಲ್ಲುತ್ತಿದ್ದ ಗೌರವವೂ ಗಮನಿಸತಕ್ಕುದು. ನರಕಚತುರ್ದಶಿಯ ಮುನ್ನಾದಿನ ಅದನ್ನು ಹುಣಿಸೆ ಬೂದಿಗಳಿಂದ ತಿಕ್ಕಿ ಬೆಳಗಿ, ಹೂಬಳ್ಳಿ ಸುತ್ತಿ, ನೀರು ತುಂಬುವ ವಿಧಿಯಿಂದಲೇ ದೀಪಾವಳಿಯು ಮೊದಲಾಗುವುದು; ಮರುದಿನ ಬೆಳಕು ಹರಿಯುವುದಕ್ಕೆ ಮುಂಚೆ ಅಭ್ಯಂಗ. ಊರಿನ ಕ್ರೈಸ್ತರಲ್ಲಿ ಮದುವೆಯ ಮುನ್ನ ವಧುವರರಿಗೆ ತೆಂಗಿನ ಹಾಲನ್ನೂ ಎಣ್ಣೆಯನ್ನೂ ಪೂಸಿ ಮೀಯಿಸುವ ‘ರೋಸ್’ ಎಂಬ ಆಚಾರವುಂಟು. ಬಾಣಂತಿಯ ಸ್ನಾನಕ್ಕಂತೂ ಹಂಡೆಗಟ್ಟಲೆ ನೀರು ಬೇಕಾಗುತ್ತಿತ್ತು. ಚಳಿಯೇ ಇಲ್ಲದ ಊರಿನಲ್ಲಿ ಬಿಸಿನೀರು ಏತಕ್ಕೆಂದು ಹೊರಗಿನವರು ಕೇಳಬಹುದು. ಎಣ್ಣೆಯ ಜಿಡ್ಡು, ಮಳೆಗಾಲದ ಥಂಡಿ, ಹೆರಿಗೆ, ಹಬ್ಬ ಇವೇ ಅದಕ್ಕೆ ಉತ್ತರ.

ಇನ್ನು ಇಂಧನದ ವಿಚಾರ. ಅಡಿಗೆಯ ಒಲೆಗೆ ಒಳ್ಳೆಯ ಸೌದೆ ಬೇಕು. ಬಚ್ಚಲಿನ ಒಲೆಗೆ ಹಿತ್ತಿಲಿನಲ್ಲಿ ಬಿದ್ದುದೆಲ್ಲವೂ ಆಗುತ್ತಿತ್ತು. ತೆಂಗಿನ ಮಡಲು, ಕೊತ್ತಳಿಗೆ, ಸಿಪ್ಪೆ, ಗೆರಟೆ, ಅಡಕೆಯ ಹಾಳೆ, ತರಗೆಲೆ, ಬೇರೆ ಯಾವ ಉಪಯೋಗಕ್ಕೂ ಬಾರದ ಇವುಗಳಿಂದ ನೀರು ಕಾಯುತ್ತಿತ್ತು. ಇವು ಸಾಕಾಗುತ್ತಿದ್ದುವೆ? ಒಂದು ಅಂದಾಜಿನ ಲೆಕ್ಕವನ್ನು ಹಾಕಬಹುದು. ಒಂದು ಮನೆಗೆ ದಿನಕ್ಕೆ ೧೦೦ ಲೀಟರು ನೀರನ್ನು ೧೫ ಡಿಗ್ರಿ ಏರಿಸಲು ೧,೫೦೦ ಕಿಲೋಕ್ಯಾಲೊರಿ ಶಾಖ ಬೇಕು. ಒಣ ಇಂಧನದ ಒಂದು ಕಿಲೋವಿನಲ್ಲಿ ಸುಮಾರು ೩,೫೦೦ ಕಿಲೋಕ್ಯಾಲೊರಿ ಇದ್ದು, ತೆರೆದ ಒಲೆಯಲ್ಲಿ ಅದರ ಎಂಟರಲ್ಲೊಂದು ಪಾಲು ಮಾತ್ರ ನೀರಿಗೆ ಸೇರುವುದೆಂದು ಹಿಡಿದರೆ, ದಿನಕ್ಕೆ ಸುಮಾರು ಮೂರೂವರೆ ಕಿಲೋ, ವರ್ಷಕ್ಕೆ ಸುಮಾರು ೧,೨೫೦ ಕಿಲೋ ಇಂಧನ ಬೇಕಾಯಿತು. ತೆಂಗಿನ ಮರವೊಂದು ವರ್ಷಕ್ಕೆ ಹನ್ನೆರಡರಷ್ಟು ಮಡಲುಗಳನ್ನು ಉದುರಿಸುವುದು. ಹತ್ತು ಮರಗಳ ಹಿತ್ತಿಲಿನಲ್ಲಿ ಮಡಲಿಗೆ ಒಂದೂವರೆ ಕಿಲೋವಿನಂತೆ ೧೮೦ ಕಿಲೋ. ಮರಕ್ಕೆ ಅರುವತ್ತು ಕಾಯಿ, ಕಾಯಿಯ ಸಿಪ್ಪೆ ಗೆರಟೆಗಳಿಗೆ ಅರ್ಧ ಕಿಲೋ ಎಂದು ಹಿಡಿದರೆ ೩೦೦ ಕಿಲೋ. ಒಟ್ಟು ೪೮೦ ಕಿಲೋ. ಅಂದರೆ ತೆರೆದ ಒಲೆಗೆ ಹಿತ್ತಿಲಿನಿಂದ ದೊರೆಯುತ್ತಿದ್ದುದು ಅರ್ಧಕ್ಕಿಂತ ಕಡಿಮೆ. ಉಳಿದುದನ್ನು ಸೌದೆಯಾಗಿ ಹೊರಗಿನಿಂದ ತರಬೇಕಾಗಿತ್ತು.

ಆ ಸೌದೆಗೆ ಸ್ಪರ್ಧಿಗಳೂ ಇದ್ದರು. ದಕ್ಷಿಣ ಕನ್ನಡದಲ್ಲಿ ಕದೀಂ ವರ್ಗದ ಭೂಮಿಯುಳ್ಳವರಿಗೆ ತಮ್ಮ ಸಾಗುವಳಿಗೆ ಹೊಂದಿದ ೧೦೦ ಗಜದೊಳಗಿನ ಸರಕಾರಿ ಪಾಳುಭೂಮಿಯಲ್ಲಿ ಸೊಪ್ಪು, ಸೌದೆ ಮುಂತಾದುವನ್ನು ಪಡೆಯುವ ‘ಕುಮ್ಕಿ’ ಎಂಬ ಸೌಲಭ್ಯವಿತ್ತು. ಹಳ್ಳಿಯವರಿಗೆ ಇದು ಆಸರೆ. ಪಟ್ಟಣದವರಿಗೆ ಈ ಹಕ್ಕಿಲ್ಲ. ನೇತ್ರಾವತಿ, ಗುರುಪುರ ಹೊಳೆಗಳ ದಡದ ಹೆಂಚಿನ ಕಾರ್ಖಾನೆಗಳ ಗೂಡುಗಳಿಗೂ ಸೌದೆಯೇ ಆಹಾರವಾಗಿತ್ತು. ಪಟ್ಟಣದ ಬಚ್ಚಲೂ ಹೆಂಚಿನ ಗೂಡೂ ಒಂದೇ ಕಾಡಿನ ಮೇಲೆ ಕೈಚಾಚಿದುವು.

ಆದುದರಿಂದ ಒಲೆಯನ್ನು ಸುಧಾರಿಸುವುದೇ ಸರಿಯಾದ ಮಾರ್ಗವಾಗಿತ್ತು. ಉಳ್ಳವರ ಮನೆಗಳಲ್ಲಿ ಕಾಣಬಂದ ತಾಮ್ರದ ಬಾಯ್ಲರು ಇಂತಹದೊಂದು ಸುಧಾರಣೆ: ನಡುವಿನ ಕೊಳವೆಯಲ್ಲಿ ಉರಿ, ಸುತ್ತಲೂ ನೀರು. ವ್ಯವಸ್ಥಿತವಾದ ಸಂಶೋಧನೆಯು ಬಹಳ ತಡವಾಗಿ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರವು ಹುಟ್ಟಿತು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯು ೧೯೮೦ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಹರಡಿತು. ಉರಿಯನ್ನು ಮುಚ್ಚಿಡುವುದು, ಜಾಲರಿಯ ಮೂಲಕ ಗಾಳಿಯನ್ನು ಅಳತೆಯಿಂದ ಬಿಡುವುದು, ಬಿಸಿಹೊಗೆಯು ಪಾತ್ರೆಯನ್ನು ಬಳಸಿ ಚಿಮಣಿಗೆ ಹೋಗುವಂತೆ ಮಾಡುವುದು, ಇವೇ ಅದರ ತತ್ತ್ವಗಳು. ಈ ತತ್ತ್ವಗಳು ಬಚ್ಚಲಿನ ಹಂಡೆಗೂ ಅನ್ವಯಿಸುತ್ತವೆ. ಮುಚ್ಚಿದ ಒಲೆಯಲ್ಲಿ ಮೂರರಲ್ಲೊಂದು ಪಾಲು ಶಾಖವು ನೀರಿಗೆ ಸೇರುವುದೆಂದು ಹಿಡಿದರೆ, ಮೇಲಣ ಮನೆಗೆ ವರ್ಷಕ್ಕೆ ಬೇಕಾಗುವುದು ೧,೨೫೦ ಕಿಲೋ ಅಲ್ಲ, ಸುಮಾರು ೪೭೦ ಕಿಲೋ. ಹತ್ತು ತೆಂಗಿನ ಹಿತ್ತಿಲು ಕೊಡುವುದು ೪೮೦! ಒಲೆಯೊಂದು ಬದಲಾಗಿದ್ದರೆ ಮಂಗಳೂರಿನ ಹಿತ್ತಿಲು ತನ್ನ ಬಚ್ಚಲನ್ನು ತಾನೇ ಸಾಕಬಹುದಾಗಿತ್ತೆಂಬುದು ಈ ಲೆಕ್ಕದಿಂದ ಸ್ಪಷ್ಟಪಡುತ್ತದೆ.

ಆದರೆ ಕಾಲವು ಅನುಕೂಲಿಸಲಿಲ್ಲ. ಒಲೆಯ ಶಾಸ್ತ್ರವು ಸಿದ್ಧವಾಗುವ ಹೊತ್ತಿಗೆ ಹಿತ್ತಿಲೇ ಕರಗತೊಡಗಿತ್ತು. ೧೯೮೦ರಲ್ಲಿ ಮಂಗಳೂರು ಮಹಾನಗರಪಾಲಿಕೆಯಾಯಿತು. ಅಲ್ಲಿಂದೀಚೆಗೆ ತೆಂಗಿನ ಹಿತ್ತಿಲುಗಳು ತುಂಡಾಗಿ ಬಹುಮಹಡಿಯ ವಸತಿಗಳು ಎದ್ದುವು. ನಾಲ್ಕನೆಯ ಮಾಳಿಗೆಯಲ್ಲಿ ಮಡಲನ್ನು ಉರಿಸುವುದು ಹೇಗೆ? ಬಚ್ಚಲು ಮನೆಯು ಮಲಗುವ ಕೋಣೆಗೆ ಅಂಟಿಕೊಂಡಿತು. ಹಂಡೆಯ ಸ್ಥಾನಕ್ಕೆ ಗೋಡೆಯ ವಿದ್ಯುತ್ ಗೀಸರು ಬಂದಿತು. ತಾಮ್ರದ ಹಂಡೆಗಳು ಹಳೆಯ ಪಾತ್ರೆಯ ಅಂಗಡಿಯನ್ನು ಸೇರಿದುವು. ಇಲ್ಲವೆ ಹೂಗಿಡದ ಕುಂಡಗಳಾದುವು.

ಗೀಸರಿನಲ್ಲಿ ಹೊಗೆಯಿಲ್ಲವೆಂಬುದು ನಿಜ. ಆದರೆ ಬೆಂಕಿಯು ಇಲ್ಲವಾಯಿತೆ? ಕರ್ನಾಟಕದ ವಿದ್ಯುತ್ತು ೧೯೦೨ರ ಶಿವನಸಮುದ್ರದಿಂದ ಮೊದಲುಗೊಂಡು ಬಹುಕಾಲ ಜಲಪಾತಗಳನ್ನೇ ಆಶ್ರಯಿಸಿತ್ತು. ೧೯೮೫ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲ ವಿದ್ಯುದಾಗಾರವು ಆರಂಭವಾಯಿತು. ಮಂಗಳೂರಿಗೆ ಉತ್ತರದಲ್ಲಿ, ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ೨೦೧೦ರಿಂದ ಈಚೆಗೆ ೧,೨೦೦ ಮೆಗಾವಾಟಿನ ಸ್ಥಾವರವು ನಡೆಯತೊಡಗಿತು. ಅದಕ್ಕೆ ಬೇಕಾದ ಕಲ್ಲಿದ್ದಲು ಕಡಲಾಚೆಯಿಂದ ನವಮಂಗಳೂರು ಬಂದರಿಗೆ ಬಂದಿಳಿಯುತ್ತದೆ. ಇಂತಹ ಸ್ಥಾವರಗಳಲ್ಲಿ ಕಲ್ಲಿದ್ದಲ ಶಾಖದ ಸುಮಾರು ಮೂರರಲ್ಲೊಂದು ಪಾಲು ಮಾತ್ರ ವಿದ್ಯುತ್ತಾಗುವುದು. ಅದೇ ೧೦೦ ಲೀಟರಿಗೆ ಗೀಸರು ಸುಮಾರು ೧.೭೫ ಯೂನಿಟ್ಟನ್ನು ತೆಗೆದುಕೊಂಡರೆ, ಅಷ್ಟು ವಿದ್ಯುತ್ತು ಕಲ್ಲಿದ್ದಲಿನಿಂದಲೇ ಬಂದುದಾದ ಪಕ್ಷದಲ್ಲಿ, ೧,೫೦೦ ಕಿಲೋಕ್ಯಾಲೊರಿಗಾಗಿ ದೂರದಲ್ಲಿ ೪,೫೦೦ ಕಿಲೋಕ್ಯಾಲೊರಿ ಉರಿಯಬೇಕಾಯಿತು. ಜಾಣತನದಿಂದ ಕಟ್ಟಿದ ಮಣ್ಣಿನ ಒಲೆಯ ಲೆಕ್ಕವೂ ಇದೇ ಅಲ್ಲವೆ? ಮೇಲಾಗಿ ಒಲೆಯಲ್ಲಿ ಉರಿದುದು ಹಿತ್ತಿಲಿನ ಕಸ. ಇಲ್ಲಿ ಉರಿಯುವುದು ಹಣಕೊಟ್ಟು ತಂದ ಕಲ್ಲಿದ್ದಲು.

ಇಷ್ಟರಿಂದಲೇ ಗೀಸರನ್ನು ಕೊಂಡವರು ಅವಿವೇಕಿಗಳೆಂದು ತೀರ್ಮಾನಿಸಲಾಗದು. ಮೇಲಣ ಲೆಕ್ಕದಲ್ಲಿ ಬಾರದ ಅಂಕವೊಂದುಂಟು. ಅದು ಹೆಂಗಸರ ದುಡಿಮೆ. ಎಲ್ಲರಿಗಿಂತ ಮುಂಚೆ ಎದ್ದು ಬಾವಿಯಿಂದ ನೀರು ಸೇದಿ ತುಂಬಿ, ಆಟಿಯ ಮಳೆಯಲ್ಲಿ ತೊಯ್ದ ಮಡಲನ್ನು ಊದಿ ಊದಿ ಹೊತ್ತಿಸಿ, ಹೊಗೆಗೆ ಕಣ್ಣನ್ನೂ ಎದೆಯನ್ನೂ ಒಡ್ಡಿದವರು ಅವರೇ. ಎಲ್ಲರೂ ಮಿಂದ ತರುವಾಯ ಉಳಿದ ನೀರು ಅವರ ಪಾಲಿಗೆ. ಗುಂಡಿ ಒತ್ತಿದರೆ ನೀರು ಕಾಯುವುದೆಂಬುದು ಇಂತಹವರಿಗೆ ವಿಲಾಸವಲ್ಲ, ಬಿಡುಗಡೆ. ಮುಂದೆ ಯಾವ ಸಾಧನವು ಬಂದರೂ ಈ ಬಿಡುಗಡೆಯನ್ನು ಹಿಂದಕ್ಕೆ ಪಡೆಯುವಂತಹುದಾಗಬಾರದು.

ಸೂರ್ಯನ ಬಿಸಿಲಿನಿಂದ ನೀರು ಕಾಯಿಸುವ ಯಂತ್ರವು ಈ ಕಟ್ಟಳೆಗೆ ಒಪ್ಪುವುದು. ೨೦೦೭ರಲ್ಲಿ ರಾಜ್ಯಸರಕಾರವು ಪಟ್ಟಣಗಳಲ್ಲಿ ನಿಗದಿತ ಅಳತೆಗೆ ಮೇಲ್ಪಟ್ಟ ಕಟ್ಟಡಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಅಳವಡಿಸಿದವರಿಗೆ ವಿದ್ಯುತ್ ಬಿಲ್ಲಿನಲ್ಲಿ ರಿಯಾಯಿತಿ ಕೊಡುವ ಪದ್ಧತಿಯೂ ಬಂದಿತು. ಅಲ್ಪಶಾಖದ ಕೆಲಸಕ್ಕೆ ಅಲ್ಪಶಾಖದ ಮೂಲವೆಂಬ ಹಳೆಯ ನೀತಿಯೇ ಇದರಲ್ಲಿ ಮರಳಿ ಬಂದಿದೆ. ಆದರೆ ಬಯಲುಸೀಮೆಗೆ ಸಲ್ಲುವ ವಿಧಿಯು ಕರಾವಳಿಗೆ ಹಾಗೆಯೇ ಸಲ್ಲದು. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ೩,೫೦೦ ಮಿಲಿಮೀಟರಿಗೂ ಹೆಚ್ಚು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಬಿಸಿನೀರು ಬೇಡವೆನಿಸುವ ಬೇಸಗೆಯಲ್ಲಿ ಬಿಸಿಲು ಧಾರಾಳ. ಬೇಕೇ ಬೇಕೆನಿಸುವ ಮಳೆಗಾಲದಲ್ಲಿ ದುರ್ಲಭ. ಬಹುಮಹಡಿಯ ಮನೆಗಳಲ್ಲಿ ತಾರಸಿ ಒಂದು, ಪಾಲುದಾರರು ಹಲವರು.

ಈ ಕೊರತೆಯನ್ನು ತುಂಬಬಲ್ಲುದು ‘ಹೀಟ್ ಪಂಪ್’ ಎಂಬ ಸಾಧನ. ಶೀತಕಪೆಟ್ಟಿಗೆಯು ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುವಂತೆ ಇದು ಸುತ್ತಣ ಗಾಳಿಯ ಶಾಖವನ್ನು ಹೀರಿ ನೀರಿಗೆ ಸಾಗಿಸುವುದು. ಗಾಳಿಯು ಬೆಚ್ಚಗೂ ತೇವವಾಗಿಯೂ ಇದ್ದಷ್ಟು ಇದರ ಕೆಲಸ ಸುಗಮ. ಮಂಗಳೂರಿನ ಗಾಳಿಯು ಮಳೆಗಾಲದಲ್ಲಿಯೂ ಇಂತಹುದೇ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖವು ನೀರಿಗೆ ಸೇರುವುದರಿಂದ, ವಿದ್ಯುದಾಗಾರದಲ್ಲಿ ಕಳೆದುಹೋದ ಎರಡು ಪಾಲು ಇಲ್ಲಿ ಗಾಳಿಯಿಂದ ಮರಳಿ ದೊರೆತಂತಾಯಿತು. ಬೆಲೆ ಹೆಚ್ಚು, ಕಡಲಗಾಳಿಯ ಉಪ್ಪಿಗೆ ಲೋಹ ಸವೆಯುವುದು ಎಂಬ ಆಕ್ಷೇಪಗಳು ಅಲಕ್ಷಿಸತಕ್ಕವಲ್ಲ. ಕೊಚ್ಚಿಯಿಂದ ಮಂಗಳೂರಿಗೆ ೨೦೨೧ರಲ್ಲಿ ಉದ್ಘಾಟನೆಯಾದ ಅನಿಲದ ಕೊಳವೆಯಿಂದ ಗ್ಯಾಸ್ ಗೀಸರಿಗೂ ದಾರಿಯಾಗಿದೆ. ಆದರೆ ಗಾಳಿಯಾಡದ ಸ್ನಾನದ ಕೋಣೆಯಲ್ಲಿ ಅದರ ವಿಷಾನಿಲವು ಪ್ರಾಣಾಪಾಯಕರ. ಹಿಂದಿನವರು ಬಚ್ಚಲಿನ ಒಲೆಯನ್ನು ಮನೆಯಿಂದ ದೂರ ಇಟ್ಟದ್ದರ ವಿವೇಕವು ಇಲ್ಲಿಯೂ ಅರಿವಾಗುವುದು.

ಒಟ್ಟಿನಲ್ಲಿ ಈ ಚರಿತ್ರೆಯಿಂದ ಸಿದ್ಧವಾಗುವುದಿಷ್ಟು. ಬಿಸಿನೀರಿನ ಸಾಧನವು ಒಂಟಿಯಾಗಿ ಬಾಳುವ ವಸ್ತುವಲ್ಲ. ಮನೆಯ ರಚನೆ, ಊರಿನ ಹವೆ, ಇಂಧನದ ಮೂಲ ಇವುಗಳೊಡನೆ ಅದು ಹುಟ್ಟುತ್ತದೆ, ಅವು ಬದಲಾದಾಗ ಅಳಿಯುತ್ತದೆ. ಹಿತ್ತಿಲು ಇನ್ನೂ ಉಳಿದಿರುವ ಮನೆಗಳಲ್ಲಿ ಚಿಮಣಿಯುಳ್ಳ ಮುಚ್ಚಿದ ಒಲೆ, ತಾರಸಿ ಇದ್ದವರಿಗೆ ಬಿಸಿಲಿನ ಯಂತ್ರ, ಮಳೆಗಾಲಕ್ಕೂ ಮಾಳಿಗೆಯ ವಾಸಿಗಳಿಗೂ ಹೀಟ್ ಪಂಪ್ ಎಂದು ಸಾಧನಗಳನ್ನು ಹಂಚಿಕೊಳ್ಳುವುದು ಈ ಊರಿಗೆ ಯುಕ್ತವಾದ ಕ್ರಮ. ಕಾಯಿಸುವುದೇ ಬೇರೆ, ಕುದಿಸುವುದೇ ಬೇರೆ ಎಂಬ ಭೇದವನ್ನು ಹಿರಿಯರು ನುಡಿಯಲ್ಲಿ ಉಳಿಸಿಹೋಗಿದ್ದಾರೆ. ಅದನ್ನು ಬಚ್ಚಲಿನಲ್ಲಿಯೂ ಉಳಿಸಿಕೊಳ್ಳುವುದು ಈಗಿನವರಿಗೆ ಬಿಟ್ಟುದು.