ಬಣ್ಣ ಮಾತು ತಪ್ಪದಂತೆ

ರಾಜ್ಯೋತ್ಸವವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಅರಿಶಿನ ಕುಂಕುಮಗಳ ಬಣ್ಣ. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಬಾವುಟವು ಈ ಎರಡು ಬಣ್ಣಗಳನ್ನು ಕನ್ನಡಿಗರ ಗುರುತಾಗಿ ನಾಡಿನೊಳಗೂ ಹೊರಗೂ ಹರಡಿತು. ಆದರೆ ಅಂಗಡಿಯಿಂದ ತಂದ ಬಾವುಟ, ಅಚ್ಚಾಗಿ ಬಂದ ಆಮಂತ್ರಣ ಪತ್ರಿಕೆ, ಮೊಬೈಲಿನ ಪರದೆ ಈ ಮೂರನ್ನೂ ಒಂದೆಡೆ ಇಟ್ಟು ನೋಡಿದರೆ ಮೂರರಲ್ಲಿ ಮೂರು ಬಗೆಯ ಕೆಂಪು! ಒಂದು ಕುಂಕುಮದಂತೆ, ಇನ್ನೊಂದು ಇಟ್ಟಿಗೆಯಂತೆ, ಮತ್ತೊಂದು ದಾಸವಾಳದಂತೆ. ಒಂದು ಬಣ್ಣವು ಎಲ್ಲಿ ಹೋದರೂ ಅದೇ ಬಣ್ಣವಾಗಿ ಉಳಿಯುವಂತೆ ನೋಡಿಕೊಳ್ಳುವ ವಿದ್ಯೆಗೆ ವರ್ಣನಿರ್ವಹಣೆ ಎಂದು ಹೆಸರು. ಇದು ಗಣಕಯಂತ್ರದೊಡನೆ ಹುಟ್ಟಿದ್ದೆಂದು ಹಲವರ ಎಣಿಕೆ. ವಾಸ್ತವದಲ್ಲಿ ಈ ಕಷ್ಟ ನೂರೈವತ್ತು ವರ್ಷಕ್ಕೂ ಹಳೆಯದು. ಅದರ ಕಥೆಯ ಒಂದು ಮುಖ್ಯ ಅಧ್ಯಾಯವು ನಾವು ಉದ್ಯೋಗಕ್ಕಾಗಿ ಬಂದು ನೆಲೆಸಿದ ಈ ಪುಣೆಯ ಸೀಮೆಯಲ್ಲಿಯೇ ನಡೆಯಿತು.

ಕನ್ನಡದ ಅಚ್ಚಿಗೂ ಬಣ್ಣದ ಅಚ್ಚಿಗೂ ಮೂಲದಲ್ಲಿ ಒಂದು ನಂಟುಂಟು. ಅದು ಕಲ್ಲಚ್ಚು. ಜರ್ಮನಿಯ ಅಲೋಯಿಸ್ ಸೆನೆಫೆಲ್ಡರನು 18ನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಈ ಉಪಾಯದ ಗುಟ್ಟು ಸರಳ: ಎಣ್ಣೆ ನೀರು ಕೂಡುವುದಿಲ್ಲ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆಮಾಡಿ, ಮೇಲೆ ಎಣ್ಣೆಯ ಮಸಿ ಸವರಿದರೆ ಬರೆದ ಭಾಗ ಮಾತ್ರ ಮಸಿಯನ್ನು ಹಿಡಿಯುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಅಚ್ಚುಕೂಟವನ್ನು ತೆರೆದಾಗ ತೊಡಗಿದ್ದು ಇದರಿಂದಲೇ. 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲಿಯೇ ಬಂದಿತು. ಅದು ಒಂದೇ ಮಸಿಯ ಕೆಲಸವಾದ್ದರಿಂದ ಕರಿ ಬಿಳಿಯ ಹೊರತು ಬೇರೆ ಚಿಂತೆ ಇರಲಿಲ್ಲ.

ಬಹುವರ್ಣದ ಚಿಂತೆ ನಮ್ಮ ಈ ಊರಿಗೆ ಬಂದುದು ತುಸು ಅನಂತರ. ಮರಾಠಿ ಗದ್ಯದ ಧೀಮಂತ ವಿಷ್ಣುಶಾಸ್ತ್ರೀ ಚಿಪಳೂಣಕರರು 1878ರಲ್ಲಿ ಪುಣೆಯಲ್ಲಿ ಚಿತ್ರಶಾಲಾ ಮುದ್ರಣಾಲಯವನ್ನು ಸ್ಥಾಪಿಸಿದರು. ದೇವದೇವತೆಗಳ, ಇತಿಹಾಸ ಪುರುಷರ ಬಣ್ಣದ ಚಿತ್ರಗಳು ಇಲ್ಲಿಂದ ಮನೆಮನೆಯ ಗೋಡೆಗೆ ಹೋದವು. ಮುಂದೆ 1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ತಮ್ಮ ಮುದ್ರಣಾಲಯವನ್ನು ತೆರೆದರು. ಕಿಟೆಲ್ಲರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಬಂದುದೂ ಆ ವರ್ಷವೇ. ಕೆಲವೇ ವರ್ಷಗಳಲ್ಲಿ ಆ ಮುದ್ರಣಾಲಯವು ಪುಣೆಯ ದಾರಿಯ ಮಳವಲಿಗೆ ಬಂದಿತು. ಮಗರಪಟ್ಟಾದ ನಾವು ರಜೆಯಲ್ಲಿ ಮಕ್ಕಳನ್ನು ಕಾರ್ಲಾ, ಭಾಜಾ ಗುಹೆಗಳಿಗೆ ಕರೆದೊಯ್ಯುವಾಗ ಇಳಿಯುವ, ಲೋಣಾವಳಕ್ಕೆ ಮೊದಲು ಸಿಗುವ ಪುಟ್ಟ ನಿಲ್ದಾಣವೇ ಅದು. ನಮ್ಮ ಅಜ್ಜಿಯಂದಿರು ಧಾರವಾಡದಲ್ಲೋ ಹಾಸನದಲ್ಲೋ ಕುಂಕುಮವಿಟ್ಟು ಕೈಮುಗಿದ ಲಕ್ಷ್ಮಿ ಸರಸ್ವತಿಯರ ಪಟಗಳಲ್ಲಿ ಎಷ್ಟೋ ಇಲ್ಲಿಂದ ಹೊರಟವು.

ಅಲ್ಲಿನ ಕೆಲಸದ ರೀತಿಯನ್ನು ಅರಿತರೆ ವರ್ಣನಿರ್ವಹಣೆಯ ಅರ್ಧ ಪಾಠ ಮುಗಿದಂತೆ. ಮೂಲಚಿತ್ರವನ್ನು ನೋಡಿ ಕುಶಲಕರ್ಮಿಯು ಅದರ ಬಣ್ಣಗಳನ್ನು ಮನಸ್ಸಿನಲ್ಲಿಯೇ ಬಿಡಿಸುತ್ತಿದ್ದನು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದು ಪಟಕ್ಕೆ ಹತ್ತು ಹನ್ನೆರಡು ಕಲ್ಲುಗಳು ಬೇಕಾಗುವುದೂ ಉಂಟು. ಒಂದೇ ಹಾಳೆ ಅಷ್ಟೂ ಕಲ್ಲುಗಳ ಮೇಲೆ ಸರದಿಯಾಗಿ ಹೋಗಿ ಬರಬೇಕು. ಅಂಚಿನ ಗುರುತುಗಳು ಕೂದಲೆಳೆಯಷ್ಟು ಜರುಗಿದರೂ ದೇವಿಯ ತುಟಿಯ ಕೆಂಪು ಕೆನ್ನೆಗೆ ಬೀಳುವುದು. ಮಳೆಗಾಲದಲ್ಲಿ ಕಾಗದ ತೇವವುಂಡು ಹಿಗ್ಗುವುದು, ಬೇಸಗೆಯಲ್ಲಿ ಕುಗ್ಗುವುದು. ಇಷ್ಟೆಲ್ಲವನ್ನೂ ಕಾಯುತ್ತಿದ್ದುದು ಕಣ್ಣು, ಕೈ ಮತ್ತು ಅನುಭವ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಮೂಲ ತೈಲಚಿತ್ರಗಳನ್ನು ನೋಡಿದವರಿಗೆ ಮೂಲಕ್ಕೂ ಅಚ್ಚಿಗೂ ಇರುವ ದೂರ ಒಡನೆಯೇ ತಿಳಿಯುತ್ತದೆ. ಮುದ್ರಣಾಲಯದ ಒಡೆತನ ಮುಂದೆ ಜರ್ಮನಿಯ ಕುಶಲಿ ಫ್ರಿಟ್ಜ್ ಶ್ಲೈಖರರಿಗೆ ಹೋಯಿತು; 1972ರಲ್ಲಿ ಬೆಂಕಿ ಬಿದ್ದು ಅದು ನಾಶವಾಯಿತು. ಕಟ್ಟಡ ಸುಟ್ಟರೆ ಮತ್ತೆ ಕಟ್ಟಬಹುದು. ಬರೆದಿಡದ ಬಣ್ಣದ ಅನುಭವವಾದರೋ ಬಲ್ಲವನೊಡನೆಯೇ ಹೋಗಿಬಿಡುತ್ತದೆ.

ಹತ್ತು ಹನ್ನೆರಡು ಕಲ್ಲುಗಳ ಕೆಲಸವನ್ನು ನಾಲ್ಕು ಮಸಿಗಳಿಗೆ ಇಳಿಸಿದುದು ಬೆಳಕಿನ ಶಾಸ್ತ್ರ. 1861ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿಯು ಕೆಂಪು, ಹಸುರು, ನೀಲಿ ಬೆಳಕುಗಳನ್ನು ಒಂದರ ಮೇಲೊಂದು ಬೀಳಿಸಿ ಬಣ್ಣದ ಛಾಯಾಚಿತ್ರವನ್ನು ತೋರಿಸಿದನು. ನಮ್ಮ ಮೊಬೈಲಿನ ಪರದೆ ಇಂದಿಗೂ ಮಾಡುವುದು ಇದನ್ನೇ: ಬೆಳಕಿಗೆ ಬೆಳಕನ್ನು ಕೂಡಿಸುವುದು. ಕಾಗದದ ದಾರಿ ಬೇರೆ. ಮಸಿ ಬೆಳಕನ್ನು ಕೊಡುವುದಿಲ್ಲ, ನುಂಗುತ್ತದೆ. ಹಳದಿ ಮಸಿ ನೀಲಿ ಬೆಳಕನ್ನು ನುಂಗುತ್ತದೆ. ಮಜೆಂಟಾ ಎಂಬ ನೇರಳೆಗೆಂಪು ಮಸಿ ಹಸುರನ್ನು ನುಂಗುತ್ತದೆ. ಸಯಾನ್ ಎಂಬ ತಿಳಿನೀಲಿ ಕೆಂಪನ್ನು ನುಂಗುತ್ತದೆ. ನಾಲ್ಕನೆಯದಾದ ಕಪ್ಪು ಆಳವನ್ನು ಕೊಡುತ್ತದೆ. ನಮ್ಮ ಬಾವುಟದ ಹಳದಿಗೆ ಒಂದೇ ಮಸಿ ಸಾಕು. ಕೆಂಪಿಗೆ ಹಳದಿ ಮಜೆಂಟಾ ಎರಡೂ ಕೂಡಬೇಕು. ಮಜೆಂಟಾ ತುಸು ಕಡಿಮೆಯಾದರೆ ಕುಂಕುಮ ಕಿತ್ತಳೆಯ ಕಡೆಗೂ, ಹಳದಿ ಕಡಿಮೆಯಾದರೆ ಗುಲಾಬಿಯ ಕಡೆಗೂ ವಾಲುತ್ತದೆ. ನುಣುಪು ಕಾಗದದ ಮೇಲೆ ಹೊಳೆದ ಅದೇ ಮಸಿ, ಒರಟು ಕಾಗದ ಹೀರಿಕೊಂಡಾಗ ಮಂಕಾಗುತ್ತದೆ. ಇನ್ನು ಪರದೆಯ ಕೆಲವು ಉಜ್ವಲ ಹಸುರು ನೀಲಿಗಳನ್ನು ಈ ನಾಲ್ಕು ಮಸಿಗಳಿಂದ ಎಷ್ಟು ಹೆಣಗಿದರೂ ತರಲಾಗದು.

ಈ ಬದಲಾವಣೆಯ ಕಾಲದಲ್ಲಿ ಬಾಳಿದವರೊಬ್ಬರು ನಮ್ಮವರೇ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಗೆ ಬಂದು, ಚಲನಚಿತ್ರದ ಭಿತ್ತಿಪತ್ರಗಳಿಂದಲೂ ಪುರಾಣಪಾತ್ರಗಳ ಕ್ಯಾಲೆಂಡರ್ ಚಿತ್ರಗಳಿಂದಲೂ ದೇಶಕ್ಕೆಲ್ಲ ಪರಿಚಿತರಾದರು. ಹೊಟ್ಟೆಪಾಡಿಗೆ ಊರು ಬಿಟ್ಟ ಕನ್ನಡಿಗನೊಬ್ಬನ ಕುಂಚದ ಬಣ್ಣವು ಕ್ಯಾಮರಾ, ತಗಡು, ಮಸಿ, ಕಾಗದಗಳ ಕೈ ದಾಟಿಯೇ ನಮ್ಮ ಮನೆಯ ಗೋಡೆಗೆ ಬರಬೇಕಾಗಿತ್ತು.

ಇಷ್ಟು ಕೈಗಳ ನಡುವೆ ಒಪ್ಪಂದವಾಗಬೇಕಾದರೆ ಬಣ್ಣಕ್ಕೆ ಅಂಕೆ ಬೇಕು. 1931ರಲ್ಲಿ ಬೆಳಕಿನ ಅಂತರರಾಷ್ಟ್ರೀಯ ಆಯೋಗವು ಸಾಮಾನ್ಯ ಮನುಷ್ಯನ ಕಣ್ಣು ಬಣ್ಣವನ್ನು ಕಾಣುವ ಬಗೆಯನ್ನು ಅಳೆದು, ಪ್ರತಿಯೊಂದು ಬಣ್ಣವನ್ನೂ ಮೂರು ಅಂಕೆಗಳಲ್ಲಿ ಹೇಳುವ ಮಾರ್ಗವನ್ನು ನಿಶ್ಚಯಿಸಿತು. ಅದೇ ತಳಹದಿಯ ಮೇಲೆ 1993ರಲ್ಲಿ ಎಂಟು ಸಂಸ್ಥೆಗಳು ಸೇರಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವನ್ನು ಕಟ್ಟಿದವು. ಅವರ ಏರ್ಪಾಡನ್ನು ನಮ್ಮಂತಹ ವಲಸಿಗರು ಸುಲಭವಾಗಿ ತಿಳಿಯಬಹುದು. ನಾವಿರುವ ಕಟ್ಟಡದಲ್ಲಿ ಕನ್ನಡ, ಮರಾಠಿ, ತಮಿಳು, ಬಂಗಾಳಿ ಮನೆಗಳುಂಟು. ಪ್ರತಿಯೊಬ್ಬರೂ ಎಲ್ಲರ ನುಡಿಯನ್ನು ಕಲಿಯಬೇಕಾಗಿಲ್ಲ. ಎಲ್ಲರಿಗೂ ಗೊತ್ತಿರುವ ನುಡಿ ಒಂದಿದ್ದರೆ ವ್ಯವಹಾರ ಸಾಗುತ್ತದೆ. ಹಾಗೆಯೇ ಕ್ಯಾಮರಾ, ಪರದೆ, ಮುದ್ರಣಯಂತ್ರ ಒಂದೊಂದಕ್ಕೂ ಪ್ರೊಫೈಲ್ ಎಂಬ ನಿಘಂಟೊಂದಿರುತ್ತದೆ. ಅದು ಆ ಯಂತ್ರದ ಬಣ್ಣವನ್ನು ಕಣ್ಣಿನ ಸಾಮಾನ್ಯ ಭಾಷೆಗೆ, ಅಲ್ಲಿಂದ ಮತ್ತೊಂದು ಯಂತ್ರದ ಭಾಷೆಗೆ ತಿರುಗಿಸುತ್ತದೆ. ಕಿಟೆಲ್ಲರು ಶಬ್ದಕ್ಕೆ ಮಾಡಿದುದನ್ನು ಇವು ಬಣ್ಣಕ್ಕೆ ಮಾಡುತ್ತವೆ.

ಅಂಕೆಗೆ ಕಟ್ಟುಬಿದ್ದ ಬಣ್ಣದ ಅತ್ಯಂತ ಗೌರವದ ಉದಾಹರಣೆ ನಮ್ಮ ರಾಷ್ಟ್ರಧ್ವಜ. 1951ರಲ್ಲಿ ಮೊದಲು ಹೊರಬಂದು 1968ರಲ್ಲಿ ಪರಿಷ್ಕಾರಗೊಂಡ ಭಾರತೀಯ ಮಾನಕವು ಅದರ ಕೇಸರಿ ಹಸುರುಗಳನ್ನು ಅಂಕೆಗಳಲ್ಲಿಯೇ ನಿಗದಿಪಡಿಸಿದೆ. ಆ ಮಾನಕಕ್ಕೆ ಒಪ್ಪುವ ಧ್ವಜವನ್ನು ತಯಾರಿಸುವ ಸಂಸ್ಥೆಗಳಲ್ಲೊಂದು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ, 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ರಾಜ್ಯೋತ್ಸವದ ದಿನವೇ ಹುಟ್ಟಿದ ಕನ್ನಡದ ಸಂಸ್ಥೆಯು ದೇಶದ ಬಣ್ಣವನ್ನು ಮಾತು ತಪ್ಪದಂತೆ ಕಾಯುತ್ತಿರುವುದು ನಮಗೆಲ್ಲ ಅಭಿಮಾನದ ಸಂಗತಿ.

ಇದರಿಂದ ಸಂಘ ಸಂಸ್ಥೆಗಳು ಕಲಿಯಬಹುದಾದದ್ದು ಉಂಟು. ಅಚ್ಚಿಗೆ ಕೊಡುವ ಮೊದಲು ಕಾಗದ ಯಾವುದೆಂದು ತಿಳಿದುಕೊಳ್ಳುವುದು; ಪರದೆಯನ್ನು ನಂಬಿ ಒಪ್ಪಿಗೆ ಕೊಡದೆ ಕರಡಚ್ಚನ್ನು ಕೇಳಿ ಹಗಲಿನ ಬೆಳಕಿನಲ್ಲಿ ನೋಡುವುದು; ಒಪ್ಪಿದ ಕರಡಿಗೆ ಸಹಿ ಹಾಕಿ ಒಂದು ಪ್ರತಿಯನ್ನು ಕಡತದಲ್ಲಿಡುವುದು; ನಮ್ಮ ಹಳದಿ ಕೆಂಪುಗಳ ಮಸಿಯ ಪ್ರಮಾಣವನ್ನು ಬರೆದಿಡುವುದು. ಪದಾಧಿಕಾರಿಗಳು ಬದಲಾಗುತ್ತಾರೆ, ಮುದ್ರಣಾಲಯಗಳು ಬದಲಾಗುತ್ತವೆ, ಕುಟುಂಬಗಳು ವರ್ಗವಾಗಿ ಬೇರೆ ಊರಿಗೆ ಹೋಗುತ್ತವೆ. ಕನ್ನಡದ ಬೀದಿಗಳನ್ನು ನೋಡದೆ ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅರಿಶಿನ ಕುಂಕುಮದ ಬಣ್ಣದ ಪರಿಚಯವಾಗುವುದು ಬಹುಮಟ್ಟಿಗೆ ಇಂತಹ ಕಾಗದ, ಬಟ್ಟೆಗಳಿಂದಲೇ. ಅವರ ಕೈಗೆ ಹೋಗುವ ಕೆಂಪು ಸರಿಯಾದ ಕೆಂಪಾಗಿರಲಿ.