ಚಂಡಮಾರುತದಿಂದ ಹೋಬಳಿಯವರೆಗೆ: ಹವಾಮಾನ ಉಪಗ್ರಹ ಮತ್ತು ಕೋಲಾರದ ಮಳೆ

ಕೋಲಾರ ಜಿಲ್ಲೆಗೆ ಸಮುದ್ರವಿಲ್ಲ, ವರ್ಷವಿಡೀ ಹರಿಯುವ ನದಿಯೂ ಇಲ್ಲ. ಇಲ್ಲಿನ ವಿಕೋಪ ಹೆಚ್ಚಾಗಿ ಸದ್ದಿಲ್ಲದೆ ಬರುತ್ತದೆ. ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯಲ್ಲಿ ರಾಗಿ ಪೈರು ಮೊಣಕಾಲುದ್ದ ಬಂದಾಗ ಮೂರು ವಾರ ಮಳೆ ಕೈಕೊಟ್ಟರೆ ವರ್ಷದ ಅನ್ನಕ್ಕೇ ಸಂಚಕಾರ. ತೆನೆ ಬಲಿತ ಮೇಲೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಎರಡು ದಿನ ಜಡಿಮಳೆ ಸುರಿಸಿದರೂ ಅಷ್ಟೇ. ಹವಾಮಾನ ಉಪಗ್ರಹಗಳು ಹುಟ್ಟಿದ್ದು ಇಂಥ ಊರುಗಳಿಗಾಗಿ ಅಲ್ಲ. ಇಲ್ಲಿಗೆ ತಲುಪಲು ಅವು ದಶಕಗಳನ್ನೇ ತೆಗೆದುಕೊಂಡವು.

1960ರ ಏಪ್ರಿಲ್ 1ರಂದು ಅಮೆರಿಕ ಹಾರಿಸಿದ ಟೈರೋಸ್-1, ಮೋಡಗಳ ಚಿತ್ರವನ್ನು ಬಾಹ್ಯಾಕಾಶದಿಂದ ಕಳಿಸಿ ಈ ವಿದ್ಯೆಗೆ ನಾಂದಿ ಹಾಡಿತು. ಆದರೆ ಕಂಡರೆ ಸಾಲದು ಎಂಬುದು ಹತ್ತೇ ವರ್ಷದಲ್ಲಿ ಗೊತ್ತಾಯಿತು. 1970ರ ನವೆಂಬರ್‌ನಲ್ಲಿ ಭೋಲಾ ಚಂಡಮಾರುತ ಪೂರ್ವ ಪಾಕಿಸ್ತಾನದತ್ತ ಬರುತ್ತಿದ್ದುದನ್ನು ಉಪಗ್ರಹ ನೋಡಿತ್ತು. ದ್ವೀಪಗಳ ಜನಕ್ಕೆ ಎಚ್ಚರಿಕೆ ಸರಿಯಾಗಿ ಮುಟ್ಟಲಿಲ್ಲ; ಲಕ್ಷಗಟ್ಟಲೆ ಜೀವ ಹೋಯಿತು.

ಭಾರತದ ಕಥೆಯಲ್ಲಿ ಹಾಸನಕ್ಕೆ ದೊಡ್ಡ ಪಾಲಿದೆ. ಇನ್ಸಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಅಲ್ಲಿದೆ. ಆ ವರ್ಷ ಹಾರಿದ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ನಿಷ್ಕ್ರಿಯವಾಯಿತು. 1983ರ ಆಗಸ್ಟ್‌ನಲ್ಲಿ ಚಾಲೆಂಜರ್ ನೌಕೆಯೇರಿ ಹೋದ ಇನ್ಸಾಟ್-1ಬಿ ನೆಲೆ ನಿಂತ ಮೇಲೆ ನಮ್ಮ ಮೇಲಿನ ಮೋಡಗಳನ್ನು ನಮ್ಮದೇ ಉಪಗ್ರಹ ನೋಡತೊಡಗಿತು. 2002ರಲ್ಲಿ ಹವಾಮಾನಕ್ಕೆಂದೇ ಮೀಸಲಾದ ಕಲ್ಪನಾ-1, 2013ರಲ್ಲಿ ಇನ್ಸಾಟ್-3ಡಿ, 2016ರಲ್ಲಿ 3ಡಿಆರ್, 2024ರಲ್ಲಿ 3ಡಿಎಸ್ ಬಂದವು. ಇದರ ಫಲ ಒಡಿಶಾದಲ್ಲಿ ಕಾಣುತ್ತದೆ. 1999ರ ಮಹಾಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಫೈಲಿನ್ ಬಂದಾಗ ಲಕ್ಷಾಂತರ ಮಂದಿಯನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವು ಹತ್ತಾರರಲ್ಲೇ ನಿಂತಿತು.

ಬರಗಾಲ ಬೇರೆ ಜಾತಿಯದು. ಅದಕ್ಕೆ ಸುಳಿಯಿಲ್ಲ, ಕಣ್ಣಿಲ್ಲ, ದಡ ಮುಟ್ಟುವ ಗಳಿಗೆಯಿಲ್ಲ. 1980ರ ದಶಕದ ಬರಗಳಲ್ಲಿ ಬೆಂದ ಕರ್ನಾಟಕ 1988ರಲ್ಲಿ ಬರ ಪರಿವೀಕ್ಷಣಾ ಕೋಶ ತೆರೆಯಿತು, ದೇಶದಲ್ಲೇ ಮೊದಲನೆಯದು. ಅದೇ ಕಾಲದಲ್ಲಿ ಬಾಹ್ಯಾಕಾಶ ಇಲಾಖೆ ಉಪಗ್ರಹ ಚಿತ್ರಗಳಿಂದ ಬೆಳೆಯ ಹಸಿರನ್ನು ಅಳೆಯುವ ರಾಷ್ಟ್ರೀಯ ಯೋಜನೆ ಆರಂಭಿಸಿತು. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿ, ನಮ್ಮ ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಕಿರಣವನ್ನು ಹಿಂದಕ್ಕೆ ಕಳಿಸುತ್ತದೆ. ಬಾಡಿದ ಎಲೆಯಲ್ಲಿ ಈ ಎರಡರ ಅಂತರ ಕುಗ್ಗುತ್ತದೆ. ಸೂತ್ರ ಸರಳ, ಆದರೆ ಮಾಲೂರಿನಲ್ಲಿ ಅದು ಎಡವಬಲ್ಲದು. ಇಲ್ಲಿ ಮಳೆಯಿಲ್ಲದೆಯೂ ಹಸಿರಾಗಿರುವ ನೀಲಗಿರಿ ತೋಪುಗಳಿವೆ, ಆಳದ ಕೊಳವೆಬಾವಿಯ ನೀರು ಕುಡಿದ ಟೊಮೆಟೊ, ಗುಲಾಬಿ ತೋಟಗಳಿವೆ. ಅವುಗಳ ಪಕ್ಕದಲ್ಲೇ ಖುಷ್ಕಿ ಹೊಲದ ರಾಗಿ ಒಣಗುತ್ತಿದ್ದರೂ ದೊಡ್ಡ ಚೌಕಗಳಲ್ಲಿ ನೋಡುವ ಉಪಗ್ರಹಕ್ಕೆ ಒಟ್ಟು ಪ್ರದೇಶ ಹಸಿರಾಗಿಯೇ ಕಂಡೀತು. ಹಾಗಾಗಿ 2016ರ ಕೇಂದ್ರ ಬರ ಕೈಪಿಡಿ ಮಳೆ ಕೊರತೆ, ಬಿತ್ತನೆ ಪ್ರದೇಶ, ಮಣ್ಣಿನ ತೇವ, ಉಪಗ್ರಹದ ಸೂಚ್ಯಂಕಗಳ ಜೊತೆಗೆ ಆಯ್ದ ಹಳ್ಳಿಗಳಲ್ಲಿ ಹೊಲಕ್ಕಿಳಿದು ನೋಡುವುದನ್ನೂ ಕಡ್ಡಾಯ ಮಾಡಿದ್ದು ನ್ಯಾಯವಾಗಿಯೇ ಇದೆ.

ಈ ಕ್ಷೇತ್ರಕ್ಕೆ ಕರ್ನಾಟಕ ಕೊಟ್ಟ ನಿಜವಾದ ಕೊಡುಗೆ ಉಪಗ್ರಹವನ್ನು ನೆಲದ ಮಾಪಕಕ್ಕೆ ಜೋಡಿಸಿದ್ದು ಎಂದು ನನಗನ್ನಿಸುತ್ತದೆ. ಬರ ಕೋಶವೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಂಗಳೂರಿನ ಯಲಹಂಕದಿಂದ ಕೆಲಸ ಮಾಡುತ್ತಿದೆ. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಸುಮಾರು 6,500 ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಅದು ನಿಲ್ಲಿಸಿದೆ. ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳಿವೆ. ಮಾಪಕದ ಆಲಿಕೆಯ ಕೆಳಗೆ ಏತದಂತೆ ಆಡುವ ಪುಟ್ಟ ಬಟ್ಟಲುಜೋಡಿ ಇರುತ್ತದೆ. ಒಂದು ತುಂಬಿ ಬಾಗಿ ಚೆಲ್ಲಿದೊಡನೆ ಇನ್ನೊಂದು ಮೇಲೆ ಬರುತ್ತದೆ, ಪ್ರತಿ ಬಾಗೂ ಲೆಕ್ಕಕ್ಕೆ ಸೇರುತ್ತದೆ. ಸೌರಫಲಕದ ವಿದ್ಯುತ್ತು, ಮೊಬೈಲ್ ಜಾಲದ ನೆರವಿನಿಂದ ಹದಿನೈದು ನಿಮಿಷಕ್ಕೊಮ್ಮೆ ಆ ಲೆಕ್ಕ ಯಲಹಂಕ ಮುಟ್ಟುತ್ತದೆ. ‘ವರುಣ ಮಿತ್ರ’ ಸಹಾಯವಾಣಿಗೆ ಫೋನ್ ಮಾಡಿದ ರೈತನಿಗೆ ಸಿಗುವ ಉತ್ತರದ ಹಿಂದೆ ಈ ಬಟ್ಟಲುಗಳ ದುಡಿಮೆಯಿದೆ.

2021ರ ನವೆಂಬರ್ ನೆನಪಿಸಿಕೊಳ್ಳಿ. 19ರ ಮುಂಜಾನೆ ಪುದುಚೇರಿ–ಚೆನ್ನೈ ನಡುವೆ ದಡ ದಾಟಿದ ವಾಯುಭಾರ ಕುಸಿತವನ್ನು ಉಪಗ್ರಹಗಳು ಮೊದಲೇ ಹಿಂಬಾಲಿಸಿದ್ದವು, ಎಚ್ಚರಿಕೆಯೂ ಬಂದಿತ್ತು. ಕೋಲಾರದ ಕೆರೆಗಳು ಕೋಡಿ ಬಿದ್ದವು. ವರ್ಷಗಟ್ಟಲೆ ಒಣಗಿದ್ದ ಕೆರೆಗೆ ಅದು ಹಬ್ಬ, ಆದರೆ ಹೊಲದಲ್ಲಿದ್ದ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳಕೆಯೊಡೆಯಿತು. ಮುನ್ಸೂಚನೆ ಇದ್ದರೂ ಕೊಯ್ಲಿಗೆ ಆಳು, ಯಂತ್ರ, ಒಕ್ಕಲು ಮಾಡಲು ಒಣ ಜಾಗ ಸಿಗದಿದ್ದರೆ ರೈತ ಏನು ಮಾಡಿಯಾನು?

ಶ್ರೀನಿವಾಸಪುರದ ಮಾವಿನ ತೋಪುಗಳ ಮೇಲೆ ಬೀಳುವ ಆಲಿಕಲ್ಲು ಇನ್ನೂ ಕಠಿಣ ಸವಾಲು. ಇನ್ಸಾಟ್-3ಡಿಯ ಉಷ್ಣ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನಾಲ್ಕು ಕಿಲೋಮೀಟರ್ ಅಗಲದ ನೆಲ. ಆಲಿಕಲ್ಲು ಒಂದೂರನ್ನು ಹೊಡೆದು ಪಕ್ಕದೂರನ್ನು ಬಿಟ್ಟು ಹೋಗುತ್ತದೆ. ಹತ್ತಿರದಲ್ಲಿ ಡಾಪ್ಲರ್ ರೇಡಾರ್ ಇಲ್ಲದೆ ಇದಕ್ಕೆ ಪರಿಹಾರವಿಲ್ಲ. ಬರದ ವಿಷಯಕ್ಕೆ ಬಂದರೆ, 2025ರ ಜುಲೈನಲ್ಲಿ ಹಾರಿದ ನಿಸಾರ್ ಉಪಗ್ರಹ ಮೋಡದ ಮರೆಯಲ್ಲೂ ಮಣ್ಣಿನ ತೇವ ಅಳೆಯುವ ಭರವಸೆ ಕೊಟ್ಟಿದೆ.

ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿಂತಿರುವುದೂ ನೆಲದ ಮಾಪಕಗಳ ಅಳತೆಗಳ ಮೇಲೆಯೇ. ಆದ್ದರಿಂದ ಲಕ್ಕೂರು ಹೋಬಳಿಯ ರೈತರಲ್ಲಿ ಒಂದು ಮನವಿ: ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ ಎಂದು ಹೋಗಿ ನೋಡಿ. ಆಲಿಕೆಯಲ್ಲಿ ತರಗೆಲೆ ಕಟ್ಟಿದೆಯೇ, ಮರದ ಕೊಂಬೆ ಅಡ್ಡ ಬಂದಿದೆಯೇ, ಫಲಕ ಒಡೆದಿದೆಯೇ ಗಮನಿಸಿ. ಹಾಗಿದ್ದರೆ ಬಿತ್ತನೆಗೆ ಮೊದಲೇ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ನಡಾವಳಿಯಲ್ಲಿ ಬರೆಸಿ.